ಮಾಸ್ತರ ಮಷೀನಿಗೆ ಬಂದ ಜ್ವರ

ಉಮರಗಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ನಗೋದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ನಮ್ಮ ಓಣಿಯ ನಿವೃತ್ತ ಮಾಸ್ತರು ಮನೆಯಲ್ಲೇ ಬಿಟ್‌ಕಾಯಿನ್ ಅನ್ನೋ ಕಂಪ್ಯೂಟರ್ ದುಡ್ಡು ಹುಡುಕುವ ಮಷೀನು ತಂದ ಮೇಲಂತೂ ನನಗೆ ಪುರುಸೊತ್ತೇ ಇಲ್ಲ.

ಮೂರು ಬೆರಳು

ಬೂಟಿನ ಡಬ್ಬಿಯಷ್ಟು ಮಷೀನು, ಮುಂದೊಂದು ಹಿಂದೊಂದು ಫ್ಯಾನು. ಸಿಕ್ಕಾಪಟ್ಟೆ ಕಾದು ತಾನೇ ಬಂದ್ ಆಗುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆಲ್ಲ ಬೂದಿ.

"ಮಾಸ್ತರ, ಇದೇನ್ರೀ?"

"ಇಭೂತಿ. ಮನಿಗಿ ಬಂದ ಮಷೀನಿಗಿ ಹಚ್ಚಲಾರದ ಹ್ಯಾಂಗ ಬಿಡೂದು? ದಿನಾ ಪೂಜಾ ಆದಮ್ಯಾಲ ಹಚ್ತೀನಿ."

"ಎಲ್ಲಿ ಹಚ್ತೀರಿ?"

ಗಾಳಿ ಎಳೆಯುವ ಫ್ಯಾನನ್ನೇ ತೋರಿಸಿದರು. ಅದು ಬೂದಿಯನ್ನೆಲ್ಲ ಒಳಗೆ ಎಳಕೊಂಡು ಕೂತಿದೆ ಅಂದೆ. ಅವರಿಗೆ ಸಿಟ್ಟು ಬಂತು.

"ನಮ್ಮ ಟ್ರ್ಯಾಕ್ಟರಗೂ ಹಚ್ತೀವಿ. ಒಮ್ಮಿನೂ ಕೆಮ್ಮಿಲ್ಲ!"

ಶಾಣ್ಯಾ ಹುಡುಗ

ಸ್ವಚ್ಛ ಮಾಡಿ, ಸ್ಪೀಡೂ ವೋಲ್ಟೇಜೂ ಸ್ವಲ್ಪ ಇಳಿಸಿದೆ. ನಿಧಾನಕ್ಕಾದರೂ ನಿಲ್ಲದೆ ನಡೆಯಲಿ ಅಂತ. ನಾನು ಅಂಗಡಿ ಮುಟ್ಟುವುದರೊಳಗೆ ಫೋನು.

"ಮತ್ತ ಗಪ್ಪ ಆಗ್ಯದ."

"ಸ್ಪೀಡ್ ಏರಿಸೀರೇನ್ರಿ?"

"ಇಲ್ಲಪಾ." ಆಮೇಲೆ ಮೆಲ್ಲಗೆ, "ಜರಾ. ಶಾಣ್ಯಾ ಹುಡುಗಗ ಅಭ್ಯಾಸ ಜಾಸ್ತಿ ಕೊಡಬೇಕಲ್ಲ?"

"ನಿಮ್ಮ ಶಾಣ್ಯಾ ಹುಡುಗ ಜ್ವರ ಬಂದು ಮಲಗ್ಯಾನ್ರಿ."

ಹಿಂದಿನಿಂದ ಅವರ ಹೆಂಡತಿ, ನಾವೆಲ್ಲ ವೈನಿ ಅನ್ನುತ್ತೇವೆ, ಕೂಗಿದರು: "ಪಂಚಮಿ ಒಳಗ ಇನ್ನೊಮ್ಮಿ ನಿಂತ್ರ ಗುಜರಿಯಾಂವಗ ಕೊಡಾಕಿನ ನಾ!"

ಮಾಸ್ತರು ದನಿ ಇಳಿಸಿ, "ಕೆಡಿಸಿದಾಂವ ಅಂತ ನಿಂದs ಹೆಸರ ಹೇಳೀನಿ" ಅಂದರು.

ಪಂಚಮಿಯ ಮಳೆ

ಓಡಿಹೋಗಿ ಮತ್ತೆ ಸ್ಪೀಡ್ ಇಳಿಸಿ ಬಂದೆ. ಆಮೇಲೆ ಜಡಿಮಳೆ ಹಿಡಿಯಿತು. ಮಾಸ್ತರ ಫೋನೇ ಇಲ್ಲ. ಪಾಪ, ಮಷೀನು ಗುಜರಿ ಸೇರಿತೇನೋ ಅಂತ ನನಗೂ ಕೆಡುಕೆನಿಸಿ, ಪಂಚಮಿಗೆ ಮುಂಚೆ ಅವರ ಮನೆಗೆ ಹೋದೆ. ಮಾಸ್ತರು ಹೊರಗೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು.

"ನಿಂತಿತೇನ್ರಿ?"

"ಇಲ್ಲೋ. ನಡದದ. ನಿಮ್ಮ ವೈನಿ ನನಗs ಒಳಗ ಬಿಡವಲ್ಲಳು."

ಒಳಗೆ ಹೋದೆ. ಮಷೀನಿನ ಬಿಸಿಗಾಳಿಗೆ ಎದುರಾಗಿ ಉದ್ದಕ್ಕೂ ಹಗ್ಗ ಕಟ್ಟಿದ್ದಾರೆ, ಹಗ್ಗದ ತುಂಬ ಹಬ್ಬಕ್ಕೆ ಹೊಸೆದ ಶ್ಯಾವಿಗೆ! ಮಳೆಯಲ್ಲಿ ಶ್ಯಾವಿಗೆ ಒಣಗಲಿಲ್ಲವೆಂದು ನೆರೆಯವರು ತಂದಿಟ್ಟ ಬುಟ್ಟಿಗಳೂ ಸಾಲಾಗಿ ಕೂತಿವೆ. ಮಷೀನು ಒಂದೇ ಸಮ ಗುಂಯ್ ಅನ್ನುತ್ತಿದೆ. ಮಾಸ್ತರ ಕೈ ತಾಗದಿದ್ದರೆ ಅದಕ್ಕೆ ಯಾವ ರೋಗವೂ ಇರಲಿಲ್ಲ. ವಿಭೂತಿಯನ್ನು ವೈನಿ ಅಚ್ಚುಕಟ್ಟಾಗಿ ಅದರ ನೆತ್ತಿಗೆ ಹಚ್ಚಿದ್ದರು.

"ಛಲೋ ಬಂದಿ ತಮ್ಮಾ. ಇನ್ನs ಜರಾ ಸ್ಪೀಡ ಇಳಸು, ಶ್ಯಾವಿಗಿ ಕೆಂಪ ಆಗ್ಲಿಕತ್ಯಾವ."

"ಗುಜರಿಗಿ ಕೊಡ್ತೀನಿ ಅಂದಿದ್ರಿ ವೈನಿ?"

"ಇಷ್ಟ ದಿವಸ ಬರೇ ಹುಡಕ್ಕೋತ ಕುಂತಿತ್ತು. ಈಗ ಕೆಲಸಕ್ಕ ಹಚ್ಚೀನಿ."

ವೈನಿ ಬಾಗಿಲಾಚೆ ಕಟ್ಟೆಯ ಕಡೆ ನೋಡಿದರು.

"ಇನ್ನ ಇವರೊಬ್ಬರ ಉಳದಾರ."