ಏಕಾಗ್ರತೆ ಕಲಿಸುವ ಗಿಣಿಗಳಿಗೆ, ಕೊಚ್ಚಿಹೋದ ಒಟ್ಲಿನ ಪರವಾಗಿ

ಮಾನ್ಯರೇ,

ಮಕ್ಕಳ ನೆನಪನ್ನೂ ಏಕಾಗ್ರತೆಯನ್ನೂ ಬೆಳೆಸುವುದಾಗಿ ಮಾತು ಕೊಟ್ಟು ನನ್ನ ಮೊಬೈಲಿನೊಳಗೆ ದಯಮಾಡಿಸಿರುವ ಬಣ್ಣಬಣ್ಣದ ಗಿಣಿಗಳಾದ ತಮಗೆ, ಇಪ್ಪತ್ತರ ಮಗ್ಗಿಯನ್ನು ಹಿಂದಿನಿಂದ ಒಪ್ಪಿಸಬಲ್ಲ, ಹುಲ್ಲಹಳ್ಳಿ ಬಯಲಿನ ಏಕೈಕ ರೈತನಾದ ರಾಚಯ್ಯನು ತಮ್ಮ ಗರಿ ಮುಟ್ಟಿ ಮಾಡುವ ನಮಸ್ಕಾರಗಳು.

ನನ್ನ ತಂಗಿಯ ಮಗಳು, ಮೂರನೇ ತರಗತಿಯ ಶ್ವೇತ, ಅಂಗಡಿಗೆ ಕಳುಹಿಸಿದರೆ ಉಪ್ಪು ತಂದು ಬೆಲ್ಲ ಮರೆಯುವವಳು. ಇವಳ ತಲೆಯನ್ನು ನಾನು ರಿಪೇರಿ ಮಾಡಿಸುತ್ತೇನೆಂದು ಟೀ ಅಂಗಡಿಯಲ್ಲಿ ಸಾರಿ ತಮ್ಮನ್ನು ಬರಮಾಡಿಕೊಂಡೆ. ತಾವು ಒಬ್ಬೊಬ್ಬರಾಗಿ ರೆಕ್ಕೆ ಬಡಿದ ಕ್ರಮವನ್ನು ಅವಳು ಕೊನೆಯಿಂದ ಮುಟ್ಟಿ ತೋರಿಸಬೇಕು. ಕೆಲವೇ ವಾರಗಳಲ್ಲಿ ಗಿಣಿಗಳ ವಿಷಯದಲ್ಲಿ ಅವಳನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ. ಬೆಲ್ಲ ಮಾತ್ರ ಅಂಗಡಿಯಲ್ಲೇ ಉಳಿಯಿತು. ಶಾಲೆಯ ಮೇಡಂ ನಕ್ಕು, "ಗಿಣಿ ಆಟ ಆಡಿದ್ರೆ ಗಿಣಿ ಆಟ ಬತ್ತದೆ ರಾಚಯ್ಯನವ್ರೆ, ಅಷ್ಟೇಯ. ವಯಸ್ಸಾಯ್ತಾ ಆಯ್ತಾ ಮಕ್ಕಳ ತಲೇಲಿ ನೆನಪಿನ ಜಾಗ ತಾನಾಗೇ ದೊಡ್ಡದಾಯ್ತದೆ, ಬಿಡಿ" ಎಂದರು. ನಾನು ಸೊಪ್ಪು ಹಾಕಲಿಲ್ಲ.

ಮೊನ್ನೆ ನೀರಿನ ಸರದಿ ಬಂದಾಗ, ನಮ್ಮ ಗದ್ದೆಗೆ ಕಾಲುವೆಯ ಮಡೆ ತೆರೆದು, ಬದುವಿನ ಮೇಲೆ ಶ್ವೇತಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳಿಗೆ ಮಾದರಿಯಾಗಲೆಂದು ನಾನೇ ಆಡತೊಡಗಿದೆ. ಎಂಥ ಏಕಾಗ್ರತೆ ದಯಪಾಲಿಸಿದಿರಿ! "ಮಾವ, ನೀರು ಬದು ಹತ್ತತಾ ಅದೆ" ಎಂದು ಮಗು ಅಂಗಿ ಜಗ್ಗಿತು. "ಗಮನ ಕೆಡಿಸ್ಬ್ಯಾಡ ಕಣವ್ವ, ಗಮನ ಅಂದ್ರೇನು ಅಂತ ನೋಡ್ ಕಲಿ" ಎಂದು ಗದರಿದೆ. ನೀರು ಬದು ದಾಟಿ, ಪಕ್ಕದ ಗದ್ದೆಯ ಪುಟ್ಟಬಸಮ್ಮನವರು ನಾಟಿಯ ಸಸಿಗೆಂದು ಆಗಷ್ಟೇ ಮೊಳಕೆ ಭತ್ತ ಚೆಲ್ಲಿದ್ದ ಒಟ್ಲಿಗೆ ನುಗ್ಗಿತು.

"ಏನ್ಲಾ ರಾಚಯ್ಯ, ನೀರು ಕಾಯಕ್ ಬಂದಿದ್ದೀಯೋ, ಗಿಣಿ ಕಾಯಕ್ಕೋ? ಬಿತ್ನೆಯೆಲ್ಲಾ ತೇಲ್ಕಂಡ್ ಓಯ್ತಲ್ಲೋ!" ಎಂದು ಅವರು ಕೂಗಿದಾಗಲೂ ಹಸಿರು ಗಿಣಿ ಮೊದಲೋ ಕೆಂಪೋ ಎಂಬುದನ್ನು ನಾನು ಮರೆತಿರಲಿಲ್ಲ. ಇದರ ಕೀರ್ತಿ ಸಂಪೂರ್ಣವಾಗಿ ತಮ್ಮದು.

ನಾಟಿಗೆ ಅವರಿಗೆ ಪೈರಿಲ್ಲದಂತಾಯಿತು. ನನ್ನ ಒಟ್ಲಿನಲ್ಲಿ ನಾಟಿಗೆ ಬೆಳೆದು ನಿಂತಿದ್ದ ಪೈರನ್ನು ಅವರಿಗೆ ಬಿಟ್ಟುಕೊಟ್ಟೆ. ಈಗ ನಾಟಿಗೆ ಹದವಾದ ನನ್ನ ಗದ್ದೆ ಬರಿದಾಗಿದೆ. ಆದ್ದರಿಂದ ತಾವೆಲ್ಲರೂ ಪರದೆಯಿಂದಿಳಿದು, ತೇಲಿಹೋದ ಮೊಳಕೆಗಳನ್ನು ಕಪಿಲೆ ಹೊಳೆ ಸೇರುವ ಮುನ್ನ ಕೊಕ್ಕಿನಿಂದ ಹೆಕ್ಕಿ ತಂದು ನನ್ನ ಒಟ್ಲು ಮಡಿಯಲ್ಲಿ ಬಿತ್ತಿಕೊಡಬೇಕೆಂದು ಪ್ರಾರ್ಥನೆ. ದಾರಿಯಲ್ಲಿ ತಿನ್ನಬಾರದು.

ಪುಟ್ಟಬಸಮ್ಮನವರ ಕಣ್ಣು ತಪ್ಪಿಸಿ ಓಡಾಡುತ್ತಿರುವ,
ತಮ್ಮ ವಿಶ್ವಾಸಿ,
ರಾಚಯ್ಯ

ವಿ.ಸೂ.: "ನಿಮ್ಮ ಮಗು ಶ್ವೇತ ಏಕಾಗ್ರತೆಯಲ್ಲಿ ಅತ್ಯುತ್ತಮ" ಎಂಬ ತಮ್ಮ ಅಭಿನಂದನೆ ಈಗಷ್ಟೇ ಮೊಬೈಲಿಗೆ ಬಂದಿದೆ. ಆ ದಿನ ಆಡಿದವನು ನಾನು. ಆದರೂ ದಯವಿಟ್ಟು ಹೆಸರು ತಿದ್ದಬೇಡಿ. ಆ ಬದುವಿನ ಮೇಲೆ ನೀರು ಕಂಡವಳು ಅವಳೊಬ್ಬಳೇ.