ಬ್ಯಾಟರಿಯ ನಾಡಿ ಹಿಡಿದ ಹಲ್ಲಿನ ಡಾಕ್ಟರು

ತನ್ನ ಗಾಡಿಯ ಮೇಲೆ ತನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಬೀಳಕೂಡದು ಎಂದು ಹಲ್ಲಿನ ಡಾಕ್ಟರು ಘೋಷಿಸಿದ್ದು ಮೋಟರ್‌ಸೈಕಲ್ ಸಂಘದ ತುಂಬಿದ ಸಭೆಯಲ್ಲಿ. ಸಾಲದ್ದಕ್ಕೆ ಕೈಯಲ್ಲಿ ಮೈಕು ಬೇರೆ ಇತ್ತು!

"ಬ್ಯಾಟರಿ ತಾನಾಗಿ ಸಾಯೋದಿಲ್ಲ, ಸ್ನೇಹಿತರೇ! ಮಾಲೀಕನ ಅಜ್ಞಾನ ಅದನ್ನ ಕೊಲ್ಲುತ್ತೆ! ಹಲ್ಲಿನೊಳಗಿನ ನರ ಹುಡುಕೋನಿಗೆ ಗಾಡಿಯೊಳಗಿನ ತಂತಿ ಒಂದು ಲೆಕ್ಕವೇ?"

ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಬಿಸಿ ಆರುವ ಮೊದಲೇ ಸಂಘದವರು ಮುಂದಿನ ದೊಡ್ಡ ಸವಾರಿಗೆ ಡಾಕ್ಟರನ್ನೇ ಮುಂದಾಳಾಗಿ ಆರಿಸಿಬಿಟ್ಟರು. ಬೆಟ್ಟ ಹತ್ತಿ, ಕಣಿವೆ ಇಳಿದು, ಸಮುದ್ರದ ದಂಡೆ ಸೇರುವ ಸವಾರಿ. ಎಲ್ಲರ ಮುಂದೆ ಡಾಕ್ಟರ ಗಾಡಿ, ಅದರ ಹಿಂದೆ ಇಡೀ ಸಂಘ. ಶನಿವಾರ ಬೆಳಿಗ್ಗೆ ಹೊರಡುವುದು.

ಗಾಡಿಯಾದರೂ ಎಂಥದ್ದು! ಎಡಕ್ಕೊಂದು ಪೆಟ್ಟಿಗೆ, ಬಲಕ್ಕೊಂದು ಪೆಟ್ಟಿಗೆ, ಹಿಂದೆ ಇನ್ನೊಂದು. ಮುಂದೆ ಕಿಟಕಿಯಷ್ಟು ಅಗಲದ ಗಾಜು. ಹಿಂದೆ ಕೂರುವವರಿಗೆ ಬೆನ್ನೊರಗು, ತೋಳೊರಗು. ಒಂದು ಅಡುಗೆಮನೆ ಸೇರಿಸಿದರೆ ಬಾಡಿಗೆಗೆ ಕೊಡಬಹುದು ಎಂದು ಡಾಕ್ಟರ ಹೆಂಡತಿ ಹೇಳುತ್ತಿದ್ದಳು. ಅವಳು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಆಡಿದ ಮಾತನ್ನು ಆಡಿದ ಹಾಗೇ ಹಿಡಿದಿಡುವುದು ಅವಳ ಉದ್ಯೋಗ. ಮನೆಗೆ ಬಂದ ಮೇಲೂ ಅವಳು ಆ ಉದ್ಯೋಗ ಬಿಡುತ್ತಿರಲಿಲ್ಲ. ಡಾಕ್ಟರ ದುರದೃಷ್ಟವೆಲ್ಲ ಅಲ್ಲಿತ್ತು.

ಸವಾರಿಗೆ ಇನ್ನೂ ಎರಡು ವಾರ ಇರುವಾಗ ಡಾಕ್ಟರು ಸುಮ್ಮನೆ ಊರೊಳಗೆ ಒಂದು ಸುತ್ತು ಹಾಕಿ ಬರೋಣವೆಂದು ಗುಂಡಿ ಒತ್ತಿದರು. ಗಾಡಿ ಗುಡುಗಲಿಲ್ಲ. "ಟಿಕ್" ಅಂದಿತು. ಮತ್ತೆ ಒತ್ತಿದರು. "ಟಿಕ್." ಹಲ್ಲಿಯೊಂದು ಲೊಚಗುಟ್ಟಿದ ಹಾಗೆ.

"ಬ್ಯಾಟರಿ ಸತ್ತಿದೆ," ಎಂದರು ಡಾಕ್ಟರು, ಹೆಂಡತಿಗೆ.

"ತಾನಾಗಿ ಸತ್ತಿತೋ, ಅಜ್ಞಾನ ಕೊಂದಿತೋ?"

"ಹಳೇದಾಗಿತ್ತು ಕಣೇ! ವಯಸ್ಸಾದ ಮೇಲೆ ಯಾರಾದರೂ ಹೋಗಲೇಬೇಕಲ್ಲ."

ಹೊಸ ಬ್ಯಾಟರಿ ಬಂತು. ಗಾಡಿ ಗುಡುಗಿತು. ಪಕ್ಕದ ಮನೆಯ ನಾಯಿ ಬೊಗಳಿತು. ಡಾಕ್ಟರು ಮೀಸೆ ಇಲ್ಲದ ಜಾಗವನ್ನು ತಿರುವಿಕೊಂಡರು. ಮರುದಿನ ಸಂಜೆ ಚಿಕಿತ್ಸಾಲಯದಿಂದ ಬಂದು, ಹೆಂಡತಿಯನ್ನು ಬೇಕೆಂದೇ ಶೆಡ್ಡಿಗೆ ಕರೆದು, ಹೀಗೆ ನೋಡು ಎಂದು ಗುಂಡಿ ಒತ್ತಿದರು.

"ಟಿಕ್."

"ನೋಡಿದೆ," ಎಂದಳು ಅವಳು.

ಅಂದರೆ ತಪ್ಪು ಬ್ಯಾಟರಿಯದ್ದಲ್ಲ, ಅದಕ್ಕೆ ಉಣಿಸುವವರದ್ದು! ಗಾಡಿ ಓಡುವಾಗ ಎಂಜಿನ್ ಹುಟ್ಟಿಸಿದ ವಿದ್ಯುತ್ತು ಬ್ಯಾಟರಿಗೆ ತಲುಪುತ್ತಿಲ್ಲ. ಡಾಕ್ಟರು ಬ್ಯಾಟರಿಗೆ ಕರೆಂಟು ತುಂಬಿಸಿ, ಎಂಜಿನ್ ಓಡಿಸಿ, ಮೀಟರು ಹಚ್ಚಿ ನೋಡಿದರು. ಹದಿನಾಲ್ಕು ವೋಲ್ಟ್. ಎಷ್ಟು ಇರಬೇಕೋ ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬಿಟ್ಟು ಬೇರೆ ಕಡೆ ಹುಡುಕುತ್ತಿದ್ದರು. ಡಾಕ್ಟರು ಮೀಟರನ್ನು ಮೇಲೆ ಕೆಳಗೆ ನೋಡಿ, "ಸುಳ್ಳು ಹೇಳ್ತಿದೆ," ಎಂದು ತೀರ್ಪು ಕೊಟ್ಟರು. ನೋವಿಲ್ಲ ಎನ್ನುವ ರೋಗಿಗಳನ್ನು ಅವರು ಎಂದೂ ನಂಬಿದವರಲ್ಲ.

ಅಲ್ಲಿಂದ ಶುರುವಾಯಿತು ಮಹಾ ಶಸ್ತ್ರಚಿಕಿತ್ಸೆ. ಸೀಟು ಕಳಚಿತು. ಪೆಟ್ಟಿಗೆಗಳು ಇಳಿದವು. ಪಕ್ಕದ ಹೊದಿಕೆಗಳು ಬಿಚ್ಚಿಕೊಂಡವು. ಶೆಡ್ಡಿನಲ್ಲಿ ಬೆಳಕು ಸಾಲದೆಂದು ಎಲ್ಲವೂ ನಡುಮನೆಗೆ ಬಂದವು. ಸೋಫಾದ ಮೇಲೆ ಸೀಟು ಕೂತಿತು, ಸೋಫಾದಲ್ಲಿ ಕೂರುವವರು ನೆಲದ ಮೇಲೆ ಕೂತರು. ಬ್ಯಾಟರಿಯನ್ನು ಪುಸ್ತಕದ ಕಪಾಟಿನ ಮೇಲೆ, ಮದುವೆಯ ಫೋಟೋದ ಪಕ್ಕದಲ್ಲಿ ಇಡಲಾಯಿತು. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಎಂಜಿನ್ನಿನ ಸಂದುಗಳಿಗೆ ತೂರಿಸಿ ಡಾಕ್ಟರು, "ಬಾಯಿ ಅಗಲಿಸು, ಇನ್ನೂ ಸ್ವಲ್ಪ," ಎಂದು ಅಭ್ಯಾಸಬಲದಿಂದ ಹೇಳುತ್ತಿದ್ದರು.

ವಿದ್ಯುತ್ತು ಹುಟ್ಟಿಸುವ ತಂತಿಯ ಸುರುಳಿ ಎಂಜಿನ್ನಿನ ಎಡಹೊಟ್ಟೆಯೊಳಗಿತ್ತು. ಆ ಮುಚ್ಚಳ ತೆರೆಯುವ ಮೊದಲು ಎಣ್ಣೆ ಇಳಿಸಬೇಕು ಎಂಬುದು ಮುಚ್ಚಳ ತೆರೆದ ಮೇಲೆ ಡಾಕ್ಟರಿಗೆ ಗೊತ್ತಾಯಿತು. ಎಣ್ಣೆ ಶೆಡ್ಡಿನ ನೆಲದಲ್ಲಿ ಹರಿದು, ಡಾಕ್ಟರ ಚಪ್ಪಲಿಗೆ ಅಂಟಿ, ನಡುಮನೆ ದಾಟಿ, ಮಲಗುವ ಕೋಣೆಯ ಬಿಳಿ ಜಮಖಾನೆಯ ತನಕ ಹೆಜ್ಜೆ ಹೆಜ್ಜೆಯಾಗಿ ಬಂದಿತ್ತು.

"ಇದು ನಾನಲ್ಲ," ಎಂದರು ಡಾಕ್ಟರು, ಜಮಖಾನೆ ನೋಡಿ.

"ಆಯ್ತು. ಹೆಜ್ಜೆ ನಿಮ್ಮ ಅಳತೆದು, ಎಣ್ಣೆ ನಿಮ್ಮ ಗಾಡಿದು, ಹೆಬ್ಬೆರಳ ಹತ್ತಿರ ಚಪ್ಪಲಿ ಹರಿದಿರೋದೂ ನಿಮ್ಮ ಹಾಗೇ. ಯಾರೋ ನಿಮ್ಮನ್ನ ಸಿಕ್ಕಿಸೋಕೆ ಭಾರೀ ಸಂಚು ಮಾಡಿದಾರೆ ಬಿಡಿ."

ಇಷ್ಟೆಲ್ಲ ಗದ್ದಲದಲ್ಲಿ ಡಾಕ್ಟರ ಪರವಾಗಿ ನಿಂತದ್ದು ಒಂದೇ ಜೀವ. ಅದು ಅತ್ತೆ. ಹೆಂಡತಿಯ ತಾಯಿ. ಸೊಂಟ ನೋವಿನ ಆ ಹೆಂಗಸು ದಿನಕ್ಕೆ ಎರಡು ಸಲ ಗೋಡೆ ಹಿಡಿದುಕೊಂಡು ಬಂದು, ಹರಡಿ ಬಿದ್ದ ಬಿಡಿಭಾಗಗಳನ್ನು ಕಣ್ಣಲ್ಲಿ ನೀರು ತುಂಬಿಕೊಳ್ಳುವಷ್ಟು ಕಾಳಜಿಯಿಂದ ನೋಡುತ್ತಿದ್ದರು.

"ಅಳಿಯಂದ್ರೇ, ಯಾವಾಗ ಜೋಡಿಸ್ತೀರಿ?"

"ಆಗುತ್ತೆ ಅತ್ತೆ, ಮೂಲ ಹುಡುಕ್ತಿದೀನಿ."

"ಬೇಗ ಜೋಡಿಸಿಬಿಡಿಪ್ಪಾ. ಹೀಗೆ ನೋಡೋಕಾಗಲ್ಲ ನನಗೆ."

ಡಾಕ್ಟರ ಎದೆ ತುಂಬಿ ಬಂತು. "ನೋಡು, ನಿಮ್ಮಮ್ಮನಿಗಿರೋ ತಿಳಿವಳಿಕೆ ನಿನಗಿಲ್ಲ. ಯಂತ್ರದ ಸಂಕಟ ಅವರಿಗೆ ಗೊತ್ತಾಗುತ್ತೆ," ಎಂದು ಹೆಂಡತಿಗೆ ಹೇಳಿದರು.

ಅವಳು ಹುಬ್ಬೇರಿಸಿದಳು. "ನಮ್ಮಮ್ಮನಿಗಾ? ಮಿಕ್ಸಿ ಕೆಟ್ಟಾಗ ಒಂದು ಮಾತು ಕೇಳಲಿಲ್ಲ ಅವಳು!"

ಚಿಕಿತ್ಸಾಲಯದಲ್ಲೂ ಗಾಡಿ ಡಾಕ್ಟರ ಬೆನ್ನು ಬಿಡಲಿಲ್ಲ. ಬೋಲ್ಟುಗಳು ಕಳೆದುಹೋಗದಿರಲಿ ಎಂದು ಹಲ್ಲಿನ ಉಪಕರಣಗಳ ಸ್ಟೀಲ್ ತಟ್ಟೆಯೊಂದನ್ನು ಮನೆಗೆ ತಂದಿದ್ದರು. ಬೆಳಗಿನ ಅವಸರದಲ್ಲಿ ಬೋಲ್ಟುಗಳ ಸಮೇತ ಅದು ವಾಪಸು ಹೋಯಿತು. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ದವಡೆಗೆ ಮರಗಟ್ಟಿಸುವ ಸೂಜಿ ಹಾಕಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದರು. ಡಾಕ್ಟರು ತಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಕಪ್ಪು ಜಿಡ್ಡು ಮೆತ್ತಿದ ಬೋಲ್ಟುಗಳು ಮಿರಮಿರ ಮಿಂಚಿದವು. ಒಂದೊಂದೂ ಹೆಬ್ಬೆರಳ ಗಾತ್ರ.

ಮುಖ್ಯೋಪಾಧ್ಯಾಯಿನಿಯ ಕಣ್ಣು ಅಗಲವಾದವು. "ಅಗು... ಅನ್ನ ಆಯಿಗಾ?"

ಅದು ನನ್ನ ಬಾಯಿಗಾ ಎಂದು ಕೇಳಿದ್ದು ಎಂದು ಡಾಕ್ಟರಿಗೆ ಹೊಳೆಯುವಷ್ಟರಲ್ಲಿ ಆಕೆ ಎದ್ದು, ಎದೆಯ ಮೇಲಿನ ಕಾಗದದ ಬಿಬ್ಬಿನ ಸಮೇತ ಬೀದಿಯಲ್ಲಿ ಓಡುತ್ತಿದ್ದರು. ಕಾಯುತ್ತಿದ್ದ ಉಳಿದ ರೋಗಿಗಳಿಗೂ ಹಲ್ಲುನೋವು ಇದ್ದಕ್ಕಿದ್ದಂತೆ ವಾಸಿಯಾಗಿ, ಅವರೂ ಎದ್ದು ಹೋದರು.

ಆದರೂ ಫಲ ಸಿಕ್ಕಿತೆನ್ನಿ! ಕಪಾಟಿನ ಮೇಲಿದ್ದ ಬ್ಯಾಟರಿಯನ್ನು ಡಾಕ್ಟರು ದಿನವೂ ಅಳೆಯುತ್ತಿದ್ದರು. ತುಂಬಿದ್ದು ತುಂಬಿದ ಹಾಗೇ ಇತ್ತು, ಒಂದು ಹನಿ ಇಳಿದಿರಲಿಲ್ಲ. "ನೋಡಿದ್ಯಾ? ನನ್ನ ಕೈಗುಣ!" ಎಂದರು. ಬಿಚ್ಚಿದ್ದನ್ನೆಲ್ಲ ಜೋಡಿಸಿದರು. ಕೊನೆಗೆ ಎರಡು ತಿರುಪು ಉಳಿದವು. ಕಂಪನಿಯವರು ಹೆಚ್ಚಿಗೆ ಹಾಕಿರುತ್ತಾರೆ ಎಂದು ಅವನ್ನು ಹೂಕುಂಡಕ್ಕೆ ಎಸೆದರು. ಬುಧವಾರ ಗಾಡಿ ಗುಡುಗಿತು. ಅತ್ತೆ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು. ಸಂಘದವರಿಗೆಲ್ಲ ಡಾಕ್ಟರು ಫೋನು ಮಾಡಿ, "ಚಾರ್ಜಿಂಗ್ ವ್ಯವಸ್ಥೆಯನ್ನ ಬೇರು ಸಮೇತ ಸರಿಮಾಡಿದೀನಿ, ನಿಮ್ಮ ಗಾಡಿದು ಏನಾದ್ರೂ ಇದ್ರೆ ತನ್ನಿ," ಎಂದು ಉದಾರವಾಗಿ ಆಹ್ವಾನಿಸಿದರು.

ಗುರುವಾರ ಸಂಜೆ: "ಟಿಕ್."

ಡಾಕ್ಟರು ಶೆಡ್ಡಿನ ನೆಲದ ಮೇಲೆ ಕೂತುಬಿಟ್ಟರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅವಳು ಹಂಗಿಸಲಿಲ್ಲ. ಅದೇ ಹೆಚ್ಚು ನೋಯಿತು.

"ರೀ, ನಾನು ಎಷ್ಟು ಕಾಲದ ಮೇಲೆ ರಜೆ ಹಾಕಿದೀನಿ ಗೊತ್ತಲ್ಲ? ಕಟಕಟೆ, ಕಳ್ಳರು, ವಕೀಲರು ಬಿಟ್ಟು ಸಮುದ್ರ ನೋಡಬೇಕು ನನಗೆ. ಯಾರಾದ್ರೂ ಮೆಕ್ಯಾನಿಕ್‌ನ ಕರೀರಿ."

"ಇನ್ನೊಂದೇ ದಿನ ಕೊಡು. ಎಲ್ಲೋ ಕರೆಂಟು ಸೋರ್ತಿದೆ. ಗಾಡಿ ಸುಮ್ಮನೆ ನಿಂತಿರುವಾಗ ಯಾವುದೋ ತಂತಿ ಕದ್ದು ಕುಡೀತಿದೆ."

ಶುಕ್ರವಾರ ಬೆಳಿಗ್ಗೆ ಬ್ಯಾಟರಿಗೆ ಮತ್ತೆ ಕರೆಂಟು ತುಂಬಿಸಿ, ಅದರ ಒಂದು ತಂತಿ ಬಿಚ್ಚಿ, ನಡುವೆ ಮೀಟರು ಸಿಕ್ಕಿಸಿ, ಸೋರಿಕೆ ಅಳೆದರು. ಏನೂ ಸೋರುತ್ತಿರಲಿಲ್ಲ. ಮೀಟರು ಮತ್ತೆ ಸುಳ್ಳು ಹೇಳುತ್ತಿದೆ ಎಂಬ ಸಿಟ್ಟಿನಲ್ಲಿ, ಅದು ಸಿಕ್ಕಿಸಿದ ಹಾಗೇ ಇರುವಾಗ ಗಾಡಿಯ ಗುಂಡಿ ಒತ್ತಿದರು. ಮೀಟರಿನೊಳಗೆ ಏನೋ "ಚಟ್" ಅಂದಿತು. ಸುಟ್ಟ ವಾಸನೆ ಬಂತು. ಅಂದಿನಿಂದ ಅದು ಸುಳ್ಳನ್ನೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

ಉಳಿದದ್ದು ಒಂದೇ ದಾರಿ: ಕಾವಲು. ತಂತಿ ಬಿಗಿದು, ಚಿಕಿತ್ಸಾಲಯಕ್ಕೆ ಹೋದ ಹಾಗೆ ಹೋಗಿ, ಮಧ್ಯಾಹ್ನ ಬಾಗಿಲು ಮುಚ್ಚಿ, ಕಳ್ಳಹೆಜ್ಜೆಯಲ್ಲಿ ಮನೆಯ ಹಿಂದಿನಿಂದ ಬಂದರು. ಹೆಂಡತಿ ಕೋರ್ಟಿನಲ್ಲಿ. ಅತ್ತೆ ಆ ಹೊತ್ತಿನಲ್ಲಿ ಮಲಗಿರುತ್ತಾರೆ ಎಂಬುದು ಮನೆಯವರೆಲ್ಲರ ನಂಬಿಕೆ. ಡಾಕ್ಟರು ಶೆಡ್ಡಿನ ಗೋಡೆಗೆ ಕಿವಿ ಹಚ್ಚಿದರು.

ಒಳಗೆ ಒಬ್ಬಳು ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ನನ್ನನ್ನು ಬಿಟ್ಟು ಹೋಗಬೇಡಿ!" ಗಂಡಸಿನ ದನಿಯೊಂದು ಅಬ್ಬರಿಸಿತು: "ಇನ್ನು ಈ ಮನೆಯಲ್ಲಿ ನನಗೆ ಜಾಗವಿಲ್ಲ!" ಆಮೇಲೆ ಪಿಟೀಲು.

ಡಾಕ್ಟರು ಬಾಗಿಲು ತಳ್ಳಿದರು.

ಗಾಡಿಯ ಹಿಂದಿನ ಸೀಟಿನಲ್ಲಿ, ಬೆನ್ನೊರಗಿಗೆ ಬೆನ್ನು ಕೊಟ್ಟು, ತೋಳೊರಗಿನ ಮೇಲೆ ತೋಳಿಟ್ಟು, ಕಾಲಿಡುವ ಕಡೆ ನೆಟ್ಟಗೆ ಕಾಲಿಟ್ಟು, ಸಿಂಹಾಸನದ ಮಹಾರಾಣಿಯಂತೆ ಅತ್ತೆ ಕೂತಿದ್ದರು. ಗಾಡಿಯ ರೇಡಿಯೋ ಮುಂಭಾಗದ ಎರಡು ದೊಡ್ಡ ಸ್ಪೀಕರುಗಳಿಂದ ನಾಟಕ ಬಿತ್ತರಿಸುತ್ತಿತ್ತು. ಚಳಿಯ ಸವಾರಿಗೆಂದು ಸೀಟಿನೊಳಗಿಟ್ಟಿದ್ದ ಬಿಸಿತಂತಿಯ ಕೆಂಪು ದೀಪ ಹೊಳೆಯುತ್ತಿತ್ತು. ಅಡುಗೆಮನೆಯ ಮೊಳೆಗೆ ನೇತುಹಾಕುವ ಎರಡನೇ ಬೀಗದ ಕೈ ಗಾಡಿಯಲ್ಲಿತ್ತು.

"ಅತ್ತೆ!" ಬಿಚ್ಚಿದ ಎಂಜಿನ್ನು, ಹರಿದ ಎಣ್ಣೆ, ಓಡಿದ ಮುಖ್ಯೋಪಾಧ್ಯಾಯಿನಿ, ಎಲ್ಲ ಡಾಕ್ಟರ ಕಣ್ಣ ಮುಂದೆ ಬಂದವು. "ನೀವು... ದಿನಾ...?"

ಅತ್ತೆ ಬೆದರಲಿಲ್ಲ. ಬದಲಿಗೆ ಬಹುದಿನದಿಂದ ಹೇಳಬೇಕೆಂದಿದ್ದವರ ಹಾಗೆ ಮುಖ ಗಂಟಿಕ್ಕಿದರು.

"ಬಂದ್ರಾ? ಒಳ್ಳೇದಾಯ್ತು. ಅಳಿಯಂದ್ರೇ, ಈ ಗಾಡಿ ಸರಿ ಇಲ್ಲ. ಮೊದಲೆಲ್ಲ ನಾಟಕ ಮುಗಿಯೋ ತನಕ ಬಿಸಿ ಇರ್ತಿತ್ತು. ಈಗ ಅರ್ಧಕ್ಕೇ ಆರಿಹೋಗುತ್ತೆ. ಮೊನ್ನೆ ಆ ಹುಡುಗಿ ಕಾಗದ ಓದೋ ಹೊತ್ತಿಗೆ ಸರಿಯಾಗಿ ರೇಡಿಯೋನೂ ನಿಂತುಹೋಯ್ತು. ನೀವು ಬಿಚ್ಚಿ ಜೋಡಿಸಿದ್ರಲ್ಲ, ಅದಕ್ಕೇನಾದ್ರೂ ಆಯ್ತಾ?"

"ಮನೇಲಿ ನಿಮ್ಮ ಸ್ವಂತ ರೇಡಿಯೋ ಇದೆಯಲ್ಲ, ಅತ್ತೆ!"

"ಇತ್ತು. ಕರಕರ ಅಂತಿದೆ ಅಂತ ನೀವು ರಿಪೇರಿ ಮಾಡಿದ್ರಿ. ಈಗ ಕರಕರ ಅನ್ನಲ್ಲ. ಏನೂ ಅನ್ನಲ್ಲ."

ಸಂಜೆ ಹೆಂಡತಿ ಬಂದು ಎರಡೂ ಕಡೆಯ ವಾದ ಕೇಳಿದಳು. ನಗು ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ದಿನಾ ಕೋರ್ಟಲ್ಲಿ ಚಾರ್ಜ್‌ಶೀಟ್ ನೋಡ್ತೀನಿ. ಚಾರ್ಜ್ ಸೀಟು ನೋಡಿದ್ದು ಇವತ್ತೇ!" ಆಮೇಲೆ ತಾಯಿಯ ಕಡೆ ತಿರುಗಿ, "ಅಮ್ಮಾ, ಅಷ್ಟು ಇಷ್ಟ ಇದ್ರೆ ನಾಳೆ ನಮ್ಮ ಜೊತೆ ಬಾ," ಎಂದಳು.

"ಅಯ್ಯೋ, ಓಡೋ ಗಾಡಿ ನನಗಾಗಲ್ಲಮ್ಮ. ತಲೆ ಸುತ್ತುತ್ತೆ. ನಿಂತಿದ್ರೇನೇ ಚೆಂದ."

ಡಾಕ್ಟರು ಇನ್ನೂ ಆಸೆ ಬಿಡಲಿಲ್ಲ. ರೋಗ ತಿಳಿದ ಮೇಲೆ ಇನ್ನೇನು! ಚಾರ್ಜರು ಸಿಕ್ಕಿಸಿ ನೆಮ್ಮದಿಯಾಗಿ ಮಲಗಿದರು. ಆದರೆ ಬ್ಯಾಟರಿಯನ್ನು ಮತ್ತೆ ಮತ್ತೆ ತಳ ಕಾಣುವ ತನಕ ಹಿಂಡಿದರೆ ಅದರ ಕಸುವೇ ಹೋಗುತ್ತದೆ. ಆಮೇಲೆ ತುಂಬಿದ್ದನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ಸಭೆಯಲ್ಲಿ ಈ ಮಾತನ್ನು ಮೈಕಿನಲ್ಲಿ ವಿವರವಾಗಿ ತಿಳಿಸಿದವರು ಸ್ವತಃ ಡಾಕ್ಟರೇ.

ಶನಿವಾರ ಬೆಳಿಗ್ಗೆ ಗೇಟಿನ ಹೊರಗೆ ಇಡೀ ಸಂಘ ಗುಡುಗುತ್ತ ಸಾಲಾಗಿ ನಿಂತಿತ್ತು. ಒಳಗೆ, ಚರ್ಮದ ಅಂಗಿ, ಮೊಣಕಾಲ ಕವಚ, ಉದ್ದ ಬೂಟು ತೊಟ್ಟ ಮುಂದಾಳು ಗುಂಡಿ ಒತ್ತಿದರು.

"ಟಿಕ್."

ಸಾಮಾನು ಹೊರುವ ಸಂಘದ ವ್ಯಾನಿನಲ್ಲಿ ಡ್ರೈವರ ಪಕ್ಕ ಒಬ್ಬರಿಗೆ ಜಾಗ ಇತ್ತು. ಒಬ್ಬರಿಗೆ ಮಾತ್ರ. ಹೆಂಡತಿ ಗಂಡನ ಮುಖ ನೋಡಿದಳು. ಪಾಪ ಅನ್ನಿಸಿತು, ಒಂದು ಕ್ಷಣ ಚೀಲ ಕೆಳಗಿಟ್ಟಳು ಕೂಡ. "ನೀನು ಹೋಗು," ಎಂದರು ಡಾಕ್ಟರು. ಇಷ್ಟು ದಿನದಲ್ಲಿ ಅವರು ಆಡಿದ ಸರಿಯಾದ ಮಾತು ಅದೊಂದೇ ಇರಬೇಕು. ಅವಳು ಅವರ ಕೆನ್ನೆ ತಟ್ಟಿ, ಅವರು ಮನಸ್ಸು ಬದಲಿಸುವ ಮೊದಲೇ ವ್ಯಾನು ಹತ್ತಿದಳು. ಗುಡುಗು ದೂರವಾಯಿತು.

ಶೆಡ್ಡಿನಲ್ಲಿ ಡಾಕ್ಟರು ಹೆಲ್ಮೆಟ್ಟು ತೆಗೆಯುವುದಕ್ಕೂ ಮನಸ್ಸಾಗದೆ ಮಧ್ಯಾಹ್ನದ ತನಕ ನಿಂತಿದ್ದರು. ಹಿಂದೆ ಗೋಡೆ ಹಿಡಿದು ಬರುವ ಹೆಜ್ಜೆಸದ್ದು ಕೇಳಿತು. ಅತ್ತೆಯ ಇನ್ನೊಂದು ಕೈಯಲ್ಲಿ ಎರಡು ಲೋಟ ಕಾಫಿಯ ತಟ್ಟೆ ಇತ್ತು.

"ಅಳಿಯಂದ್ರೇ, ಆ ಗೋಡೆ ವೈರು ಚುಚ್ಚಿದ್ರೆ ರೇಡಿಯೋ ಬರುತ್ತಲ್ವಾ?"

ಬರುತ್ತಿತ್ತು. ಚಾರ್ಜರು ಸಿಕ್ಕಿಸಿದರು. ಅತ್ತೆ ಹತ್ತಿ ಹಿಂದೆ ಕೂತರು. ಎಷ್ಟು ಹೊತ್ತು ನಿಂತಿರುತ್ತೀರಿ, ಬನ್ನಿ ಎಂದು ಕರೆದರು. ಡಾಕ್ಟರು ಮುಂದಿನ ಸೀಟು ಹತ್ತಿ, ಹ್ಯಾಂಡಲ್ ಹಿಡಿದು, ಗಾಜಿನಾಚೆ ದೂರಕ್ಕೆ ದೃಷ್ಟಿ ನೆಟ್ಟರು. ಅಲ್ಲಿ ಶೆಡ್ಡಿನ ಗೋಡೆ ಇತ್ತು. ಪಿಟೀಲು ಶುರುವಾಯಿತು. ಆ ಹುಡುಗಿ ಕಾಗದ ಒಡೆದು ಓದತೊಡಗಿದಳು. ಯಾರೋ ಹಿಂದಿನಿಂದ ಡಾಕ್ಟರ ಹೆಲ್ಮೆಟ್ಟಿನ ಮೇಲೆ ಟಕಟಕ ಕುಟ್ಟಿದರು.

"ಸ್ವಲ್ಪ ತಲೆ ಬಗ್ಗಿಸ್ತೀರಾ? ಸ್ಪೀಕರಿಗೆ ಅಡ್ಡ ಆಗ್ತಿದೀರಿ."