ಕೆಂಪು ಕಾರಿನ ಗೀರಿಗೆ ಊರವರ ಮದ್ದು

ಕಾಯಿಲೆ ಬಿದ್ದ ಮನುಷ್ಯನನ್ನು ನೋಡಲು ಬರುವವರು ಹಣ್ಣು ತರುತ್ತಾರೆ. ಗೀರು ಬಿದ್ದ ಕಾರನ್ನು ನೋಡಲು ಬರುವವರು ನೇರವಾಗಿ ಮದ್ದನ್ನೇ ತರುತ್ತಾರೆ. ನ್ಯಾಮತಿಯ ನಮ್ಮ ಬೀದಿಯಲ್ಲಿ ಇದು ಆಗಾಗ ಯಾರ ಮನೆಯ ಮುಂದಾದರೂ ನಡೆಯುತ್ತಿರುತ್ತದೆ. ಈ ಸಲ ನಮ್ಮ ಮನೆಯ ಸರದಿ.

ಕಾರು ನನ್ನ ಹೆಂಡತಿಯದು. ಹೊನ್ನಾಳಿಯ ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತಿದ್ದಳು. ಅವಳಿದ್ದಷ್ಟು ದಿನ ಅದರ ಮೇಲೆ ಒಂದು ಗೀರೂ ಇರಲಿಲ್ಲ. ಅವಳು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಗೆ ಜಗಳೂರಿನಿಂದ ಅತ್ತೆ ಬರುವವರಿದ್ದರು. ಅತ್ತೆ ಫೋನ್ ಮಾಡಿದರೆ ಮೊದಲು ಕೇಳುವುದು, ‘ಗಾಡಿ ಹೆಂಗೈತ್ರಿ?’ ಎಂದು. ನಾನು ಹೇಗಿದ್ದೇನೆ ಎಂಬುದು ಎರಡನೆಯ ಪ್ರಶ್ನೆ. ಕೆಲವು ಸಲ ಅದಕ್ಕೆ ಮುಂಚೆಯೇ ಸಿಗ್ನಲ್ ಹೋಗಿರುತ್ತದೆ. ಮಗಳು ಬಿಟ್ಟುಹೋದ ಹಾಗೆಯೇ ಗಾಡಿ ಅವರ ಕಣ್ಣಿಗೆ ಬೀಳಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಹಂಡೆಯ ಕಿವಿ

ಪೇಟೆ ಬೀದಿಯಲ್ಲಿ ಕಾರನ್ನು ರಸ್ತೆಯ ಎಡಬದಿಗೆ ಒತ್ತರಿಸಿ ನಿಲ್ಲಿಸಿದ್ದೆ. ಶಾಮಿಯಾನ ಅಂಗಡಿಯ ಲಗೇಜ್ ಆಟೊ ಪಕ್ಕದಲ್ಲೇ ಹಾದುಹೋಯಿತು. ಮದುವೆ ಮನೆಗೆ ಹೊರಟಿದ್ದ ದೊಡ್ಡ ಹಂಡೆಯೊಂದರ ಕಿವಿ ಆಟೊದಿಂದ ಹೊರಗೆ ಚಾಚಿಕೊಂಡಿತ್ತು. ಅದು ನಮ್ಮ ಕಾರಿನ ಬಲಬಾಗಿಲಿಗೆ, ಅಂದರೆ ನನ್ನ ಹೆಂಡತಿ ಹತ್ತುತ್ತಿದ್ದ ಬಾಗಿಲಿಗೆ, ಮೊಳದುದ್ದದ ಗೀರು ಎಳೆಯಿತು.

ಆಟೊದವನು ಇಳಿದ. ಕಾರಿನ ಕಡೆ ನೋಡಲಿಲ್ಲ. ಹಂಡೆಯ ಕಿವಿಯನ್ನು ಸವರಿ ಸವರಿ ನೋಡಿದ.

‘ಹೆದ್ರಬ್ಯಾಡ್ರಿ ಸಾರ್, ಏನೂ ಆಗಿಲ್ಲ. ಹಂಡೆ ಗಟ್ಟಿ ಐತೆ.’

‘ನನ್ನ ಕಾರಪ್ಪಾ...’

‘ಕಾರಿನ ಮ್ಯಾಲೆ ಒಂದು ಗೆರೆ ಬಿದ್ದೈತೆ ಅಷ್ಟೆ. ಹಂಡೆ ಸೀಳಿದ್ರೆ ಅಷ್ಟು ಮಂದಿ ಊಟಕ್ಕೆ ಏನ್ ಮಾಡ್ಬೇಕಿತ್ತು ಹೇಳ್ರಿ?’

ನಾನು ಶಾಲೆಯ ಮೇಷ್ಟ್ರು, ಅಭ್ಯಾಸಬಲದಿಂದ ‘ಹುಷಾರಾಗಿ ಹೋಗಪ್ಪಾ’ ಎಂದೆ.

‘ಇರ್ಲಿ ಬಿಡ್ರಿ, ಗೊತ್ತಿಲ್ದೆ ಆಗೈತೆ. ಇನ್ಮ್ಯಾಲೆ ಹಂಡೆ ಬರೋ ದಾರ್ಯಾಗೆ ನಿಲ್ಲಿಸ್ಬ್ಯಾಡ್ರಿ’ ಎಂದು ನನ್ನನ್ನು ಕ್ಷಮಿಸಿ ಹೋದ.

ಹಲ್ಲುಜ್ಜುವ ಕಾರು

ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದರೆ ಗೀರು ಮಾಯ ಎಂದರು ನಮ್ಮ ಶಾಲೆಯ ವಿಜ್ಞಾನದ ಮೇಡಂ. ಬಿಳಿ ಪೇಸ್ಟೋ ಕೆಂಪು ಪೇಸ್ಟೋ ಎಂದು ಸ್ಟಾಫ್ ರೂಮಿನಲ್ಲಿ ಎರಡು ಪಕ್ಷಗಳಾದವು, ಬಿಳಿ ಗೆದ್ದಿತು.

ಮರುದಿನ ಬೆಳಿಗ್ಗೆ ಹಳೆಯ ಬ್ರಷ್ಷಿಗೆ ಪೇಸ್ಟು ಹಾಕಿ ಕಾರಿನ ಬಾಗಿಲ ಮುಂದೆ ಕೂತು ತಿಕ್ಕುತ್ತಿದ್ದೆ. ನಮ್ಮ ತರಗತಿಯ ಹುಡುಗಿಯೊಬ್ಬಳ ತಂದೆ ಬೈಕು ನಿಲ್ಲಿಸಿ, ಹಿಂದೆ ಕೂತಿದ್ದ ಮಗಳಿಗೆ ಹೇಳಿದರು:

‘ನೋಡ್ದೇನೇ? ಮೇಷ್ಟ್ರ ಮನ್ಯಾಗೆ ಕಾರೂ ಹಲ್ಲುಜ್ಜತೈತೆ. ನಿನಗೇನು ಬಂದೈತೆ ರೋಗ!’

ಗೀರು ಹೋಗಲಿಲ್ಲ. ಬಾಗಿಲು ಮಾತ್ರ ಎರಡು ದಿನ ಪುದಿನ ವಾಸನೆ ಹೊಡೆಯುತ್ತಿತ್ತು.

ಚೊಗರಿನ ಚಿಕಿತ್ಸೆ

ಎದುರು ಮನೆಯವರು ಅಡಿಕೆ ಬೇಯಿಸಿ ಮಾರುವವರು. ಬೆಂದ ಅಡಿಕೆಗೆ ಕೆಂಪು ಬಣ್ಣ ಕಟ್ಟುವ ಚೊಗರು ಅವರ ಹಿತ್ತಲಲ್ಲಿ ಡ್ರಮ್ಮುಗಟ್ಟಲೆ ಇರುತ್ತದೆ.

‘ಕೆಂಪು ಕಾರಿಗೆ ಪೇಂಟ್ ಯಾಕ್ರೀ? ಚೊಗರು ಹಚ್ಚಾನ. ಬಟ್ಟೆಗೆ ಹತ್ತಿದ್ರೆ ಜನ್ಮದಾಗೆ ಹೋಗಂಗಿಲ್ಲ’ ಎಂದರು. ‘ಅದು ತಗಡು’ ಎಂದು ನಾನು ಹೇಳುವಷ್ಟರಲ್ಲಿ ಚೆಂಬೂ ಕುಂಚವೂ ಬಂದಾಗಿತ್ತು. ಅವರೇ ಕೂತು, ಕಣ್ಣು ಕಿರಿದು ಮಾಡಿ, ಎರಡು ಸಲ ಬಳಿದರು. ಎದ್ದು ದೂರ ನಿಂತು, ‘ಈ ಬಣ್ಣಕ್ಕೆ ಮಾರುಕಟ್ಯಾಗೆ ಯಾರೂ ಕೊಂಕು ತೆಗ್ಯಂಗಿಲ್ಲ’ ಎಂದರು.

ರಾತ್ರಿ ಇಬ್ಬನಿ ಬಿತ್ತು. ಬೆಳಿಗ್ಗೆ ನೋಡಿದರೆ ಚೊಗರೆಲ್ಲ ಇಳಿದುಹೋಗಿತ್ತು. ಗೀರು ಇನ್ನೂ ಬೆಳ್ಳಗೆ ನಗುತ್ತಿತ್ತು. ಅಂಗಳದ ಕಲ್ಲು ಕೆಂಪಾಗಿತ್ತು. ಬಳಿಯುವಾಗ ಬಾಗಿಲಿಗೆ ಒರಗಿದ್ದ ಅವರ ಬಿಳಿ ಅಂಗಿಯ ತೋಳು ಅದಕ್ಕಿಂತ ಕೆಂಪಾಗಿತ್ತು. ಎರಡು ದಿನ ಬಿಟ್ಟು ಅವರು ಅದೇ ಅಂಗಿ ಹಿಡಿದುಕೊಂಡು ಬಂದರು. ನನಗೆ ಪಾಪ ಎನ್ನಿಸಿತು.

‘ನೋಡ್ರಿ’ ಎಂದರು ಹೆಮ್ಮೆಯಿಂದ, ‘ಮೂರು ಸಲ ಒಗೆಸೀನಿ. ಬಟ್ಟೆಗೆ ಹತ್ತಿದ್ರೆ ಹೋಗಂಗಿಲ್ಲ ಅಂದಿದ್ನೋ ಇಲ್ಲೋ?’

ಯಾವ ಕೆಂಪು

ಇನ್ನು ಯಾರ ಮಾತೂ ಕೇಳಬಾರದೆಂದು ಹೊನ್ನಾಳಿಯ ಪೇಂಟ್ ಅಂಗಡಿಗೆ ಹೋದೆ. ಕಾರಿನಲ್ಲಿ ಅಂಟಿಸಿದ್ದ ಬಣ್ಣದ ನಂಬರನ್ನು ನೋಡಿಕೊಂಡು ಹೋಗಿದ್ದೆ.

‘ನಂಬರ್ ಯಾಕೆ ಸಾರ್, ಬಾಯಾಗೆ ಹೇಳ್ರಿ. ಯಾವ ಕೆಂಪು?’

‘ದಾಳಿಂಬೆ ಕಾಳಿನ ಹಾಗೆ’ ಎಂದೆ.

‘ಹಂಗಾದ್ರೆ ಕುಂಕುಮದ ಕೆಂಪು’ ಎಂದರು ಪಕ್ಕದಲ್ಲಿ ಸುಣ್ಣ ಕೊಳ್ಳಲು ನಿಂತಿದ್ದವರು. ‘ಅಲ್ರೀ, ಮೆಣಸಿನಕಾಯಿ ಕೆಂಪಿರ್ಬೇಕು’ ಎಂದರು ಇನ್ನೊಬ್ಬರು. ಒಣಮೆಣಸೋ, ಹಣ್ಣು ಮೆಣಸೋ ಎಂಬಲ್ಲಿಗೆ ಜಗಳ ನಿಂತಾಗ ಅಂಗಡಿಯವರಿಗೆ ಸಾಕಾಯಿತು.

‘ಕಾರೇ ತೋರಿಸ್ಬಿಡ್ರಿ ಸಾರ್. ಎಲ್ಲಿ ನಿಲ್ಲಿಸೀರಿ?’

‘ತಂದಿಲ್ಲ. ಬಸ್ಸಿಗೆ ಬಂದೆ.’

‘ಯಾಕೆ?’

‘ಗೀರು ಬಿದ್ದೀತು ಅಂತ.’

ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಬೋಳು ಹಣೆ

ಪೂಜೆಯ ಹಿಂದಿನ ದಿನ, ಇಬ್ಬನಿ ಆರಿದ ಮೇಲೆ, ಕೆಲಸ ಶುರುಮಾಡಿದೆ. ಸುತ್ತ ಪೇಪರು ಅಂಟಿಸಿದೆ. ನೀರು ಹಾಕಿ ಸ್ಯಾಂಡ್ ಪೇಪರಿನಿಂದ ನಯಮಾಡಿದೆ. ಮೊದಲ ಲೇಪ ಬಳಿದೆ, ಒಣಗಿಸಿದೆ, ಮೇಲೆ ನಂಬರಿನ ಪ್ರಕಾರವೇ ತಂದ ಕೆಂಪನ್ನು ಸಿಂಪಡಿಸಿದೆ. ಪೇಪರು ಕಿತ್ತು ನೋಡಿದರೆ ಗೀರು ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ಸಂಜೆಯವರೆಗೆ ಯಾರೂ ಮುಟ್ಟಬಾರದು, ಅಷ್ಟೆ. ಅತ್ತೆ ಬರುವುದು ಸಂಜೆಯ ಬಸ್ಸಿಗೆ.

ಅತ್ತೆ ಬೆಳಗಿನ ಬಸ್ಸು ಹಿಡಿದು ಮಧ್ಯಾಹ್ನಕ್ಕೇ ಬಂದುಬಿಟ್ಟರು. ಚೀಲ ಇಳಿಸಿ, ನೀರು ಕುಡಿದು, ‘ಗಾಡಿ ಚೆನ್ನಾಗಿ ಇಟ್ಟೀರಿ’ ಎಂದರು. ವರ್ಷದಲ್ಲಿ ಅಷ್ಟು ಒಳ್ಳೆಯ ಮಾತು ನಾನು ಕೇಳಿರಲಿಲ್ಲ. ಆ ಸಂತೋಷದಲ್ಲಿ ಚಹಾ ಇಡಲು ಒಳಗೆ ಹೋದೆ.

ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಅತ್ತೆ ದೇವರ ಕೋಣೆಯ ವಿಭೂತಿಯನ್ನು ನೀರಿನಲ್ಲಿ ತೇದು, ಮೂರು ಬೆರಳಲ್ಲಿ ಅದೇ ಬಾಗಿಲ ಮೇಲೆ, ಅದೇ ಜಾಗದಲ್ಲಿ, ಗಟ್ಟಿಯಾಗಿ ಎಳೆದು ಮುಗಿಸಿದ್ದರು.

‘ಅತ್ತೆ, ಅದು...’

‘ನನ್ನ ಮಗಳು ಹತ್ತೋ ಬಾಗ್ಲಲ್ಲೇನ್ರಿ? ಫಳಫಳ ಹೊಳೀತಿತ್ತು, ಹಣೆ ಮಾತ್ರ ಬೋಳು. ನೋಡಾಕೆ ಆಗ್ಲಿಲ್ಲ.’

ಒಂದು ಗೀರಿದ್ದ ಕಡೆ ಈಗ ಹಸಿ ಬಣ್ಣದಲ್ಲಿ ಬೆರಳಗಲದ ಮೂರು ಸಾಲು ಬಿದ್ದಿದ್ದವು. ಅತ್ತೆ ಬಾಗಿಲನ್ನೇ ನೋಡುತ್ತ ಕಣ್ಣೊರೆಸಿಕೊಳ್ಳಲು ಕೈಯೆತ್ತಿದವರು ಹಾಗೇ ನಿಂತರು. ಮೂರೂ ಬೆರಳ ತುದಿ ಕೆಂಪಾಗಿದ್ದವು.

‘ಅಳಿಯಂದ್ರೆ, ಇದ್ಯಾಕ್ರೀ ಬಣ್ಣ ಬಿಡ್ತೈತೆ?’

ನಾನು ಚಹಾದ ಲೋಟ ಅವರತ್ತ ಚಾಚಿದೆ. ‘ಸ್ವಲ್ಪ ಬಿಡುತ್ತೆ ಅತ್ತೆ.’

‘ತಿಳಿ ಬಣ್ಣದ್ದು ತಗಳೇ ಅಂತ ಅವತ್ತೇ ಬಡ್ಕೊಂಡೆ, ನನ್ನ ಮಾತು ಯಾವತ್ತು ಕೇಳ್ಯಾಳೆ?’ ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ‘ಹೋಗ್ಲಿ, ತಂದ ದಿನಾನೇ ಒಂದ್ಸಲ ಉಪ್ಪಿನ ನೀರಾಗೆ ತೊಳ್ದು ನೆಳ್ಳಾಗೆ ಒಣಗ್ಸಿದ್ರೆ ಇಷ್ಟೊತ್ತಿಗೆ ಬಣ್ಣ ನಿಂತಿರ್ತಿತ್ತು.’